ಆವರೇಜ್ ಏರಿದ ತಪ್ಪಿಗೆ

ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಕಂಪನಿಯ ಕಾರುಗಳ ಆವರೇಜನ್ನು ಸೀಮೆಸುಣ್ಣದಲ್ಲಿ ಬರೆಯಲು ಶುರುಮಾಡಿದ ಮೊದಲ ತಿಂಗಳೇ ನನ್ನ ಗಾಡಿ ಎಲ್ಲಕ್ಕಿಂತ ಕೆಳಗೆ ಬಂತು. ಲೀಟರು ಪೆಟ್ರೋಲಿಗೆ ಏಳು ಕಿಲೋಮೀಟರು. ಮಿಕ್ಕ ಅಂಬಾಸಡರುಗಳೆಲ್ಲ ಒಂಬತ್ತರ ಆಚೀಚೆ ಇದ್ದವು. ನಾನು ಹಲಗೆಯ ಮುಂದೆ ನಿಂತು ಓದುತ್ತಿದ್ದಾಗ ಬೆನ್ನ ಹಿಂದೆ ಯಾರೋ ನಳಿಗೆಯಿಂದ ಹೀರುವ ಸದ್ದನ್ನು ಬಾಯಲ್ಲಿ ಮಾಡಿದರು. ಉಳಿದವರು ನಕ್ಕರು.

ಆ ಸದ್ದಿನ ಅರ್ಥವನ್ನು ಠಾಣೆ–ಬೇಲಾಪುರ ರಸ್ತೆಯಲ್ಲಿ ಗಾಡಿ ಓಡಿಸುವ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪೆಟ್ರೋಲಿನ ಬೆಲೆ ಏರಿದ ಮೇಲೆ ಆ ರಸ್ತೆಯ ಕೆಲವು ಚಹಾದ ಟಪರಿ ಅಂಗಡಿಗಳ ಹಿಂದೆ ರಬ್ಬರ್ ನಳಿಗೆ, ಡಬ್ಬಿ ಇಟ್ಟುಕೊಂಡು ಕೂತವರಿದ್ದರು. ಸಾಹೇಬರನ್ನು ಆಫೀಸಿನಲ್ಲಿ ಇಳಿಸಿ ಬಂದ ಡ್ರೈವರ್ ಟಾಕಿಗೆ ನಳಿಗೆ ಇಳಿಬಿಟ್ಟು, ಒಮ್ಮೆ ಹೀರಿ ಡಬ್ಬಿಗೆ ಬಿಟ್ಟರೆ ಕೆಲಸ ಮುಗಿಯಿತು. ಮಾಡುವವರು ಮಾಡುತ್ತಿದ್ದರು. ನಾನು ಮಾಡಿದವನಲ್ಲ. ಈ ಮಾತನ್ನು ಈಗ ಇಷ್ಟು ಮೆತ್ತಗೆ ಬರೆಯುತ್ತಿದ್ದೇನೆ. ಆಗ ಹೇಳುವಾಗಲೆಲ್ಲ ನನ್ನ ದನಿ ಏರುತ್ತಿತ್ತು, ದನಿ ಏರಿದಷ್ಟೂ ಕೇಳುವವರ ಅನುಮಾನ ಹೆಚ್ಚುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ನೀನ್ಯಾಕೆ ಹೆಗಲು ಮುಟ್ಟಿಕೊಳ್ಳುತ್ತೀ ಅನ್ನುವ ಹಾಗೆ ಮುಖ ಮಾಡುತ್ತಿದ್ದರು.

ನಮ್ಮದು ಬಣ್ಣದ ಪುಡಿ ಮಾಡುವ ಕಾರ್ಖಾನೆ. ಕಾರ್ಖಾನೆ ಬೇಲಾಪುರ ರಸ್ತೆಯಲ್ಲಿ, ಗೋದಾಮು ಶಹಾಡಿನಲ್ಲಿ, ಹೊಸದಾಗಿ ತೆರೆದ ಆಫೀಸು ವಾಶಿಯಲ್ಲಿ. ಕಾರ್ಖಾನೆ ನೋಡಿಕೊಳ್ಳುವ ಮ್ಯಾನೇಜರ್ ಸಾಹೇಬರನ್ನು ಠಾಣೆಯ ಅವರ ಮನೆಯಿಂದ ಹತ್ತಿಸಿಕೊಂಡು ಈ ಮೂರೂ ಕಡೆ ಸುತ್ತಿಸುವುದು ನನ್ನ ಕೆಲಸ. ನಾನಿದ್ದದ್ದು ಡೊಂಬಿವಲಿಯ ಚಾಳಿನ ಒಂದು ಖೋಲಿಯಲ್ಲಿ. ನನ್ನ ಮಾತಿನ ಮೇಲೆ ವಿಜಾಪುರ ಕಡೆಯ ನಮ್ಮ ಊರಿನ ಮೂವರನ್ನು ಇದೇ ಕಾರ್ಖಾನೆಯಲ್ಲಿ ಕೆಲಸಕ್ಕೆ ತೆಗೆದುಕೊಂಡಿದ್ದರು. ನಾನು ಕಳ್ಳ ಅಂತಾದರೆ ಅವರೂ ತಲೆ ಎತ್ತುವ ಹಾಗಿರಲಿಲ್ಲ. ಪೆಟ್ರೋಲ್ ಕಳ್ಳ ಅಂತ ಹೆಸರು ಬಿದ್ದ ಡ್ರೈವರಿಗೆ ಕಲ್ಯಾಣದಿಂದ ವಾಶಿಯತನಕ ಇನ್ನೊಬ್ಬರು ಗಾಡಿಯ ಕೀಲಿ ಕೊಡುವುದೂ ಇಲ್ಲ.

ಹಲಗೆಯ ಯೋಚನೆ ಹೊಸ ಅಕೌಂಟ್ಸ್ ಆಫೀಸರದ್ದು. ಉಡುಪಿ ಕಡೆಯವರು. ನನಗಿಂತ ಚಿಕ್ಕವರಾದರೂ ಬಹುವಚನ ಬಿಟ್ಟು ಮಾತಾಡಿದವರಲ್ಲ. ನನ್ನನ್ನು ಒಳಗೆ ಕರೆಸಿ ಕೂರಿಸಿದರು.

“ನೋಡಿ ಮಾರಾಯ್ರೆ, ನಾನು ಯಾರನ್ನೂ ಕಳ್ಳ ಅಂತ ಹೇಳುವುದಿಲ್ಲ. ಒಂದೇ ನಮೂನೆ ಗಾಡಿ, ಒಂದೇ ರಸ್ತೆ. ನಿಮ್ಮದಕ್ಕೆ ಮಾತ್ರ ಯಾಕೆ ಅಷ್ಟು ಹೊಟ್ಟೆ?”

“ಸಾಹೇಬ್ರು ಓಡಸು ಅಂತಾರ್ರೀ, ಓಡಸ್ತೀನಿ. ಓಡಿಸಿದ್ರ ಅದು ಕುಡೀತೈತ್ರಿ.”

“ಹಾಗಂತ ನಿಮ್ಮ ಸಾಹೇಬರು ಹೇಳ್ತಾರಾ? ನಾನು ಕೇಳ್ಲಾ ಅವರ ಹತ್ರ?”

ಬೇಡ ಅಂತ ಕೈಯಾಡಿಸಿದೆ. ಹೊಟ್ಟೆಪಾಡಿನವನು ತನ್ನ ಸಾಹೇಬನ ಮೇಲೆ ದೂರು ಹೇಳಿ ಆ ಸಾಹೇಬನ ಗಾಡಿಯನ್ನೇ ಮಾರನೇ ದಿನ ಓಡಿಸುವುದು ಹೇಗೆ?

“ಮೂರು ತಿಂಗಳು ನೋಡುವ,” ಅಂದರು. “ಆವರೇಜ್ ಮೇಲೆ ಬಂದ್ರೆ ಎಲ್ಲರ ಬಾಯಿ ಮುಚ್ತದೆ. ಬಾರದಿದ್ರೆ ಮತ್ತೆ ನನ್ನ ಕೈಯಲ್ಲಿ ಇಲ್ಲ.”

ಎಲ್ಲರ ಬಾಯಿ ಮುಚ್ಚುತ್ತದೆ ಅನ್ನುವ ಆ ಮಾತನ್ನು ನಾನು ಗಟ್ಟಿಯಾಗಿ ನಂಬಿದೆ.

ನಮ್ಮ ಸಾಹೇಬರ ವಿಷಯ ಹೇಳದೆ ಮುಂದೆ ಹೋಗಲಾಗದು. ಕೆಟ್ಟವರಲ್ಲ. ದೀಪಾವಳಿಗೆ ನನ್ನ ಹೆಂಡತಿಗೆ ಫರಾಳದ ತಿಂಡಿಯ ಡಬ್ಬಿ ಕಳಿಸುವರು. ಆದರೆ ಮನೆಯಿಂದ ಹೊತ್ತಿಗೆ ಸರಿಯಾಗಿ ಹೊರಟವರೇ ಅಲ್ಲ. ಸ್ನಾನ, ಪೂಜೆ, ಎರಡನೆಯ ಚಹಾ ಎಲ್ಲ ಮುಗಿಸಿ, ತಡಮಾಡಿದ ಹೊತ್ತನ್ನೆಲ್ಲ ರಸ್ತೆಯ ಮೇಲೆ ವಸೂಲು ಮಾಡಬೇಕು ಅನ್ನುವವರು. ಸೀಟಿನಲ್ಲಿ ಕೂತ ಕೂಡಲೇ ಕೈಯಲ್ಲಿದ್ದ ಪೇಪರನ್ನು ಸುರುಳಿ ಸುತ್ತಿ ನನ್ನ ಸೀಟಿನ ಬೆನ್ನಿಗೆ ತಟ್ಟುವರು. “ಚಲ್ ಚಲ್, ಜಲ್ದಿ!” ಎದುರಿಗೆ ಲಾರಿ ಇದ್ದರೂ ತಟ್ಟು, ರೈಲ್ವೆ ಫಾಟಕ ಬಿದ್ದಿದ್ದರೂ ತಟ್ಟು. ಮೆಟ್ಟಿಲಿಳಿಯುವಾಗ ಎಂಜಿನ್ ಚಾಲೂ ಇರಬೇಕು ಅನ್ನುವುದು ಇನ್ನೊಂದು ಕಟ್ಟಳೆ. ಹಿಂದೊಮ್ಮೆ ಬ್ಯಾಟರಿ ಕೈಕೊಟ್ಟು, ಬೀಗರ ಮುಂದೆ ಗಾಡಿಯನ್ನು ನೂಕಿಸಿ ಚಾಲೂ ಮಾಡಬೇಕಾಗಿ ಬಂದಿತ್ತಂತೆ. ಅಂದಿನಿಂದ ಅವರು ಚಹಾ ಕುಡಿಯುವಷ್ಟು ಹೊತ್ತೂ ನನ್ನ ಗಾಡಿ ಕೆಳಗೆ ನಿಂತಲ್ಲೇ ಪೆಟ್ರೋಲ್ ಕುಡಿಯುತ್ತಿತ್ತು.

ನಾನು ಗಾಡಿಯಿಂದ ಶುರುಮಾಡಿದೆ. ಕಾರ್ಖಾನೆಯ ಮೆಕ್ಯಾನಿಕ್ ಜೊತೆ ಸೇರಿ ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ ಕೈಯಿಂದ ತಿರುಗಿಸಿ ನೋಡಿದೆವು. ಒಂದು ಚಕ್ರ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು ಪೂರ್ತಿ ಬಿಡುತ್ತಲೇ ಇರಲಿಲ್ಲ. ಅಂದರೆ ಗಾಡಿ ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತು. ಅದನ್ನು ಬಿಚ್ಚಿ ಗ್ರೀಸು ಹಾಕಿದೆವು. ಬೆಳಿಗ್ಗೆ ಎಳೆದ ಚೋಕಿನ ಗುಂಡಿ ಒಳಗೆ ಹೋದಂತೆ ಕಂಡರೂ ಕಾರ್ಬುರೇಟರಿನ ಬಳಿ ಅರ್ಧ ಎಳೆದಂತೆಯೇ ಉಳಿದು ಪೆಟ್ರೋಲು ಹೆಚ್ಚು ಹರಿಯುತ್ತಿತ್ತು. ಅದನ್ನೂ ಸರಿಮಾಡಿದೆವು. ಪ್ಲಗ್ಗುಗಳನ್ನು ಉಜ್ಜಿದೆವು, ಗಾಳಿಯ ಜಾಲಿಯನ್ನು ತೊಳೆದೆವು, ಡಿಕ್ಕಿಯಲ್ಲಿ ಯಾವ ಕಾಲದಿಂದಲೋ ಬಿದ್ದಿದ್ದ ಕಬ್ಬಿಣದ ಸಾಮಾನು ಇಳಿಸಿದೆವು. ಟಯರಿನ ಗಾಳಿಯನ್ನು ವಾರವಾರ ನೋಡತೊಡಗಿದೆ. ಆವರೇಜ್ ಏರಿತು, ಇಲ್ಲ ಎನ್ನಲಾರೆ. ಆದರೆ ಒಂಬತ್ತು ಇನ್ನೂ ದೂರವಿತ್ತು.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ, “ಅಬ್ ಬೀಮಾರಿ ಗಾಡೀ ಮೇ ನಹೀ ಹೈ ಭಾಯ್, ಪಾವ್ ಮೇ ಹೈ,” ಅಂದ. ರೋಗ ಇರುವುದು ನಿನ್ನ ಕಾಲಿನಲ್ಲಿ ಅಂತ. ಸಿಟ್ಟು ಬಂತು. ಆದರೆ ಅವನ ಮಾತು ಸುಳ್ಳಾಗಿರಲಿಲ್ಲ.

ಕಾಲಿನ ರೋಗ ತೆಗೆಯಲು ಮೊದಲು ಚಪ್ಪಲಿ ಬಿಟ್ಟೆ. ಬರಿಗಾಲಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ನಡುಕ ಹೆಬ್ಬೆರಳಿಗೆ ಬರುತ್ತದೆ. ಎಷ್ಟು ಒತ್ತಿದರೆ ಗಾಡಿ ಓಡುತ್ತದೆ, ಎಷ್ಟಕ್ಕಿಂತ ಹೆಚ್ಚು ಒತ್ತಿದರೆ ಬರೀ ಗದ್ದಲ ಮಾಡುತ್ತದೆ ಅನ್ನುವುದು ಚಪ್ಪಲಿ ಹಾಕಿದ ಕಾಲಿಗೆ ತಿಳಿಯದು. ಮೂರನೆಯ ಗೇರಿನಲ್ಲಿ ಎಂಜಿನ್ನನ್ನು ಅರಚಿಸುವ ಚಟ ಬಿಟ್ಟೆ. ನಡುಕ ಹತ್ತುವ ಮೊದಲೇ ಟಾಪ್ ಗೇರಿಗೆ ಹಾಕಿ, ಅಲ್ಲಿಂದ ಮೆಲ್ಲಗೆ ವೇಗ ಕೂಡಿಸುವುದನ್ನು ಕಲಿತೆ. ಕ್ಲಚ್ಚಿನ ಮೇಲೆ ಎಡಗಾಲು ಒರಗಿಸಿ ಕೂರುವುದನ್ನು ಬಿಟ್ಟೆ. ಕಲ್ವಾ ಸೇತುವೆಯ ಏರಿಗೆ ಕೆಳಗಿನಿಂದಲೇ ವೇಗ ತಂದುಕೊಂಡು, ಏರಿನ ಮೇಲೆ ಹೆಚ್ಚು ಒತ್ತದೆ ದಾಟತೊಡಗಿದೆ. ವಿಟಾವಾದಲ್ಲಿ ರೈಲು ಸೇತುವೆಯ ಕೆಳಗೆ ಲಾರಿಗಳ ಸಾಲು ನಿಂತದ್ದು ದೂರದಿಂದಲೇ ಕಾಣುತ್ತದೆ. ಮೊದಲಾದರೆ ಅಲ್ಲಿಯತನಕ ಜೋರಾಗಿ ಹೋಗಿ ಬ್ರೇಕ್ ಹೊಡೆದು ನಿಲ್ಲುತ್ತಿದ್ದೆ. ಈಗ ದೂರದಿಂದಲೇ ಕಾಲು ಎತ್ತಿ, ಗೇರಿನಲ್ಲೇ ತೇಲಿಕೊಂಡು, ಸಾಲು ಸರಿಯುವ ಹೊತ್ತಿಗೆ ಹೋಗಿ ಸೇರಿಕೊಳ್ಳುತ್ತಿದ್ದೆ. ಹೊಡೆದ ಒಂದೊಂದು ಬ್ರೇಕೂ ಆಗಲೇ ಸುಟ್ಟ ಪೆಟ್ರೋಲನ್ನು ಮಣ್ಣಿಗೆ ಸುರಿದ ಹಾಗೆ ಅಂತ ನನಗೆ ಅರ್ಥವಾದದ್ದು ಆಗ.

ಕೆಲವರು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಕೀಲಿಯನ್ನೇ ಬಂದ್ ಮಾಡುತ್ತಿದ್ದರು. ನಾನು ಅದಕ್ಕೆ ಕೈ ಹಾಕಲಿಲ್ಲ. ಮುಂಬ್ರಾದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿಯದೆ ಹೋದ ಗಾಡಿಗಳನ್ನು ನೋಡಿದ್ದೆ. ಉಳಿಸಿದ ಪೆಟ್ರೋಲು ನಮ್ಮ ತಿಥಿಯ ದಿನ ದೀಪಕ್ಕೂ ಬರುವುದಿಲ್ಲ.

ನನ್ನ ಪರೀಕ್ಷಕ ಅಂದರೆ ನನ್ನ ಊಟದ ಡಬ್ಬಿ. ಹೆಂಡತಿ ರೊಟ್ಟಿಯ ಜೊತೆ ತೆಳ್ಳನೆಯ ಬ್ಯಾಳಿ ಸಾರು ಕಟ್ಟುತ್ತಿದ್ದಳು. ಆ ಡಬ್ಬಿಯ ಮುಚ್ಚಳ ಸಡಿಲ. ಅದನ್ನು ಪಕ್ಕದ ಸೀಟಿನ ಕೆಳಗೆ ಇಡುತ್ತಿದ್ದೆ. ಜರ್ಕು ಹೊಡೆದ ದಿನ ಚೀಲವೆಲ್ಲ ಹಳದಿ. “ಏನ್ರೀ, ಬ್ಯಾಳಿ ಚೀಲಕ್ಕ ಉಣಿಸ್ತೀರೇನು, ನೀವು ಉಣ್ತೀರೋ?” ಅಂತ ಅವಳು ಬೈಯುತ್ತಿದ್ದಳು. ಬೈಗುಳ ಕಡಿಮೆಯಾಗುತ್ತ ಬಂತು.

ಇಷ್ಟೆಲ್ಲ ಕಲಿತದ್ದು ಸಾಹೇಬರಿಲ್ಲದೆ ಗಾಡಿ ಖಾಲಿ ಓಡುವಾಗ. ಅವರು ಕೂತರೆಂದರೆ ಮತ್ತೆ ಪೇಪರಿನ ಏಟು, ಮತ್ತೆ ಜಲ್ದಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂದ ಹಾಗೆ, ನಾನು ಉಳಿಸಿದ್ದನ್ನೆಲ್ಲ ಅವರು ಸಂಜೆಯೊಳಗೆ ಸುಡಿಸುತ್ತಿದ್ದರು. ಶಹಾಡಿನ ಹತ್ತಿರ ಫಾಟಕದಲ್ಲಿ ಎಂಜಿನ್ ಬಂದ್ ಮಾಡಿದರೆ, “ಕಾಯ್ ಝಾಲಂ? ಬಂದ್ ಪಡ್ಲೀ ಕಾ?” ಅಂತ, ಗಾಡಿ ಕೆಟ್ಟು ನಿಂತಿತೇನೋ ಅನ್ನುವ ಗಾಬರಿ. ಬೇಕೆಂದೇ ಬಂದ್ ಮಾಡಿದೆ, ಪೆಟ್ರೋಲ್ ಉಳಿಯುತ್ತದೆ ಅಂದದ್ದಕ್ಕೆ, ನಿನ್ನ ಜಿಪುಣತನವನ್ನು ನಿನ್ನ ಮನೆಯಲ್ಲಿ ಇಟ್ಟುಕೋ ಅಂದರು.

ಎರಡನೆಯ ತಿಂಗಳ ಹಲಗೆಯಲ್ಲೂ ನಾನೇ ಕೆಳಗೆ. ಆಗ ದೇವರು ಕಣ್ಣು ಬಿಟ್ಟ. ಸಾಹೇಬರ ನಡು ಹಿಡಿಯಿತು.

ಮನೆಯಲ್ಲಿ ಏನೋ ಎತ್ತಲು ಹೋಗಿ ಹಿಡಿದ ನಡು. ಡಾಕ್ಟರು ಪಟ್ಟಿ ಕಟ್ಟಿ, ಗಾಡಿಯಲ್ಲಿ ಹೋಗುವುದಾದರೆ ಒಂದು ಜರ್ಕೂ ಆಗಕೂಡದು, ಹೊತ್ತು ಇಟ್ಟುಕೊಂಡು ಹೊರಡಿ ಅಂದರಂತೆ. ಸಾಹೇಬರು ಹೊತ್ತಿಗೆ ಮೊದಲೇ ಕೆಳಗಿಳಿಯತೊಡಗಿದರು. ಎಂಜಿನ್ ಬಂದ್ ಆಗಿದ್ದರೂ ಮಾತಿಲ್ಲ. ಹತ್ತಿ ಕೂರುವುದಕ್ಕೇ ಅವರಿಗೆ ಅಷ್ಟು ಹೊತ್ತು ಬೇಕಿತ್ತು. ಪೇಪರಿನ ಸುರುಳಿ ಹೋಯಿತು. “ಸಾವಕಾಶ ರೇ, ಸಾವಕಾಶ,” ಅನ್ನುವುದೊಂದೇ ಮಂತ್ರ. ಒಬ್ಬರ ನೋವಿನಿಂದ ಇನ್ನೊಬ್ಬರಿಗೆ ಸುಖ ಆಗಬಾರದು ಅನ್ನುತ್ತಾರೆ. ನನಗಾಯಿತು, ಸುಳ್ಳು ಯಾಕೆ ಹೇಳಲಿ.

ಆ ದಿನಗಳಲ್ಲಿ ನಾನು ಗಾಡಿ ಓಡಿಸಿದ ಹಾಗೆ ಹಿಂದೆಂದೂ ಓಡಿಸಿರಲಿಲ್ಲ. ವಾಶಿಗೆ ಆಗತಾನೇ ಮಾರ್ಕೆಟ್ ಬರತೊಡಗಿತ್ತು. ಈರುಳ್ಳಿ ಲಾರಿಗಳ ನಡುವೆ ನುಸುಳಿಕೊಂಡು, ಬ್ರೇಕ್ ಮುಟ್ಟದೆ ಆಫೀಸಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಹಿಂದಿನ ಸೀಟಿನಲ್ಲಿ ಸಾಹೇಬರು ನಿದ್ದೆ ಹೋಗುತ್ತಿದ್ದರು. ಮೂರನೆಯ ತಿಂಗಳ ಹಲಗೆ ಬರೆಯುವ ದಿನ ನಾನು ದೂರ ನಿಂತೆ. ನನ್ನ ಗಾಡಿ ಹತ್ತು ದಾಟಿತ್ತು. ಎಲ್ಲಕ್ಕಿಂತ ಮೇಲೆ. ಊರಿನ ಮೂವರಲ್ಲಿ ಒಬ್ಬ ಓಡಿಬಂದು ನನ್ನ ಕೈ ಹಿಡಿದುಕೊಂಡ. ಅವತ್ತು ಡೊಂಬಿವಲಿ ಸ್ಟೇಶನ್ನಿನ ಹೊರಗೆ ಪೇಢೆ ಕೊಂಡು ಮನೆಗೆ ಹೋದೆ.

ಮಾರನೇ ದಿನ ಸೇಠ್‌ಜಿ ಕರೆಸಿದರು. ಕಂಪನಿಯ ಮಾಲೀಕರು ಡ್ರೈವರನ್ನು ಒಳಗೆ ಕರೆಸುವುದು ಕಡಿಮೆ. ಶಾಬಾಸ್ ಅನ್ನಲಿಕ್ಕೆ ಇರಬೇಕು ಅಂದುಕೊಂಡು, ಅಂಗಿಯ ಗುಂಡಿ ಸರಿಮಾಡಿಕೊಂಡು ಹೋದೆ. ಒಳಗೆ ಸೇಠ್‌ಜಿ, ಅಕೌಂಟ್ಸ್ ಆಫೀಸರು, ಪಕ್ಕದಲ್ಲಿ ನಮ್ಮ ಸಾಹೇಬರು. ಅವರ ನಡು ಅಷ್ಟರಲ್ಲಿ ನೆಟ್ಟಗಾಗಿತ್ತು.

ಸೇಠ್‌ಜಿ ನಗುತ್ತಲೇ ಕೇಳಿದರು, ಹಿಂದಿಯಲ್ಲಿ. ಅದೇ ಗಾಡಿ, ಅದೇ ರಸ್ತೆ, ಅದೇ ಡ್ರೈವರ್. ಈಗ ಹತ್ತು ಬರುತ್ತದೆ. ಹಾಗಾದರೆ ಇಷ್ಟು ವರ್ಷ ಮಿಕ್ಕಿದ್ದು ಎಲ್ಲಿಗೆ ಹೋಗುತ್ತಿತ್ತು?

ನಾನು ಬಾಯಿ ತೆರೆದೆ. ಬ್ರೇಕ್ ಕೇಬಲ್, ಚೋಕು, ಬರಿಗಾಲು ಏನೇನೋ ಹೇಳಿದೆ. ನನಗೇ ಅದು ಕಳ್ಳನ ಕಥೆಯ ಹಾಗೆ ಕೇಳಿಸುತ್ತಿತ್ತು. ಏರದಿದ್ದರೆ ಕಳ್ಳ, ಏರಿದರೆ ಹಳೆಯ ಕಳ್ಳ. ತಿಂಗಳುಗಟ್ಟಲೆ ಬೆವರು ಸುರಿಸಿ ನನ್ನ ವಿರುದ್ಧದ ಸಾಕ್ಷಿಯನ್ನು ನಾನೇ ಕಟ್ಟಿ ತಂದು ಅವರ ಮೇಜಿನ ಮೇಲೆ ಇಟ್ಟಿದ್ದೆ.

“ಜಾನೇ ದೋ,” ಅಂದರು ಸೇಠ್‌ಜಿ. “ಹೋಗಲಿ, ಪೊಲೀಸು ಬೇಡ. ತಪ್ಪಾಯಿತು ಅಂತ ಕೈ ಮುಗಿ. ನಾನು ಮಾಫ್ ಮಾಡಿದೆ. ಸುಧಾರಿಸಿದ್ದೀಯಲ್ಲ, ಅಷ್ಟು ಸಾಕು.”

ಒಂದು ದಿನ ಯೋಚನೆಗೆ ಬಿಡಿ ಅಂತ ಹೇಳಿ ಹೊರಗೆ ಬಂದೆ. ಸಾಹೇಬರು ಒಂದು ಮಾತೂ ಆಡಲಿಲ್ಲ. ಸಂಜೆ ಅವರನ್ನು ಮನೆಗೆ ಬಿಡುವಾಗ ಪೇಪರು ಮತ್ತೆ ಸುರುಳಿಯಾಗಿತ್ತು. “ಚಲ್ ಚಲ್.”

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು:

“ಕೈ ಮುಗದು ಬಂದ್ಬಿಡ್ರಿ. ನೀವು ಕದ್ದಿಲ್ಲಂತ ನನಗ ಗೊತ್ತೈತಿ, ಮ್ಯಾಲಿನವಗ ಗೊತ್ತೈತಿ. ಕೆಲಸಾ ಉಳಿದ್ರ ಸಾಕ.”

“ಕದೀದ ಕೈ ಹ್ಯಾಂಗ ಮುಗೀಲೇ?”

“ಮುಗಿಯಾಕ ಬರತೈತಿ. ನಾವು ಹೆಂಗಸರು ದಿನಾ ಮುಗೀತೀವಿ.”

ಅವಳ ಮಾತು ಚುಚ್ಚಿತು. ಆದರೂ ನನ್ನಿಂದಾಗಲಿಲ್ಲ. ನಾನು ಒಪ್ಪಿಕೊಂಡರೆ ಆ ಮೂವರು ಹುಡುಗರು ಕಳ್ಳನೊಬ್ಬ ಕರೆತಂದವರಾಗಿ ಉಳಿಯುತ್ತಿದ್ದರು. ಮರುದಿನ ಸೇಠ್‌ಜಿಯ ಮುಂದೆ ಹೋಗಿ ನಿಂತೆ. ಮಾಫಿ ಬೇಡ, ಪರೀಕ್ಷೆ ಮಾಡಿ ಅಂದೆ. ಠಾಣೆಯ ಪಂಪಿನಲ್ಲಿ ಟಾಕಿ ಕಂಠಮಟ್ಟ ತುಂಬಿಸಿ, ಮುಚ್ಚಳಕ್ಕೆ ಬೀಗ ಹಾಕಿ, ಕೀಲಿ ಅಕೌಂಟ್ಸ್ ಆಫೀಸರ ಜೇಬಿನಲ್ಲಿರಲಿ. ಅವರು ಮುಂದೆ ಕೂರಲಿ, ಸಾಹೇಬರು ಎಂದಿನಂತೆ ಹಿಂದೆ ಕೂರಲಿ. ನಾನು ಮೊದಲು ಹೇಗೆ ಓಡಿಸುತ್ತಿದ್ದೆನೋ ಹಾಗೆ ಇಡೀ ದಿನ ಓಡಿಸುತ್ತೇನೆ. ಸಂಜೆ ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ ನೋಡಿ. ಏಳು ಬಂದರೆ ಪೆಟ್ರೋಲು ಸುಟ್ಟಿದೆ, ಕದ್ದಿಲ್ಲ ಅಂತಾಗುತ್ತದೆ.

ಸೇಠ್‌ಜಿಗೆ ತಮಾಷೆ ಅನ್ನಿಸಿತೋ ಏನೋ, ಒಪ್ಪಿದರು. ಸಾಹೇಬರು ತಲೆಯಾಡಿಸಿದರು. ನನಗೆ ಅವರ ಮೇಲೆ ಭರವಸೆ ಇತ್ತು. ಅವರು ಬಾಯಿ ತೆರೆದು ನನ್ನ ಪರ ಹೇಳುತ್ತಾರೆ ಅಂತಲ್ಲ. ಅವರ ಚಟ ಹೇಳುತ್ತದೆ ಅಂತ. ಹಿಂದೆ ಕೂತು ಜಲ್ದಿ ಅನ್ನದೆ ಇರುವುದು ಅವರಿಂದ ಆಗದು ಅಂದುಕೊಂಡಿದ್ದೆ.

ಪರೀಕ್ಷೆಯ ದಿನ ಸಾಹೇಬರು ಹೊತ್ತಿಗೆ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಅಂಗಿ, ಮದುಮಗನ ಗಾಂಭೀರ್ಯ. ಹಿಂದೆ ಕೂತು ಪೇಪರನ್ನು ಅಗಲಕ್ಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಕಲ್ವಾ ದಾಟಿದೆವು. ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಕಾಲು ತಾನಾಗಿಯೇ ಹೊಸ ರೀತಿಯಲ್ಲಿ ಮೆಲ್ಲಗೆ ಹೋಗುತ್ತಿತ್ತು. ಅಕೌಂಟ್ಸ್ ಆಫೀಸರು, “ಚಂದ ಓಡಿಸ್ತೀರಿ,” ಅಂದರು, ಒಂಥರಾ ಬೇಸರದ ದನಿಯಲ್ಲಿ.

ಅತ್ತ ದರಿ, ಇತ್ತ ಪುಲಿ. ಹೀಗೆ ಮೆಲ್ಲಗೆ ಓಡಿಸಿದರೆ ಸಂಜೆ ಹತ್ತು ಬರುತ್ತದೆ, ನಾನು ಕಳ್ಳ ಅಂತ ಮುದ್ರೆ ಬೀಳುತ್ತದೆ. ಮೊದಲಿನ ಹಾಗೆ ಓಡಿಸಿದರೆ, ಯಾರೂ ಅವಸರ ಮಾಡದಿರುವಾಗ ನಾನಾಗಿಯೇ ಹುಚ್ಚುಹುಚ್ಚಾಗಿ ಓಡಿಸಿದವನಾಗುತ್ತೇನೆ. ವಿಟಾವಾದ ಸಾಲು ದೂರದಲ್ಲಿ ಕಂಡಿತು. ನಾನು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಒತ್ತಿದೆ.

ಆಮೇಲೆ ಓಡಿಸಿದ್ದು ಸಿಟ್ಟು. ಮೂರನೆಯ ಗೇರಿನಲ್ಲಿ ಎಂಜಿನ್ ಅರಚಿತು, ಲಾರಿಯ ಬೆನ್ನಿಗೆ ಹೋಗಿ ಬ್ರೇಕ್ ಹೊಡೆದೆ, ಮತ್ತೆ ಎಗರಿಸಿದೆ. ವರ್ಷಗಟ್ಟಲೆ ಬಿದ್ದ ಪೇಪರಿನ ಏಟುಗಳೆಲ್ಲ ಬೆನ್ನಲ್ಲಿ ಎದ್ದು ಬಂದವು. ಅಕೌಂಟ್ಸ್ ಆಫೀಸರು ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. ಆಗ ಹಿಂದಿನಿಂದ ಪೇಪರು ಮಡಚಿದ ಸದ್ದಾಯಿತು.

“ಅರೆ, ಸಾವಕಾಶ! ತುಲಾ ಘಾಯಿ ಕರಾಯಲಾ ಕೋಣೀ ಸಾಂಗಿತಲಂ?”

ನಿನಗೆ ಅವಸರ ಮಾಡು ಅಂತ ಯಾರು ಹೇಳಿದರು? ಅದನ್ನು ಅವರು ಮೆಲ್ಲಗೆ, ಮಕ್ಕಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು. ನಾನು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಹಿಂದಕ್ಕೆ ತಿರುಗಿದೆ.

“ಯಾರು ಹೇಳಿದ್ದು ಅಂತ ನೀವೇ ಹೇಳಿ ಸಾಹೇಬ್,” ಅಂದೆ ಹಿಂದಿಯಲ್ಲಿ. “ಇವರ ಮುಂದೆ ಒಂದು ಸಲ ಹೇಳಿಬಿಡಿ. ನಾನು ಯಾರಿಗೂ ಏನೂ ಅನ್ನುವುದಿಲ್ಲ.”

ಸಾಹೇಬರು ಕಿಟಕಿಯ ಆಚೆ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಉಪ್ಪಿನ ಬಯಲು, ಒಂದು ಎಮ್ಮೆ. ಅಕೌಂಟ್ಸ್ ಆಫೀಸರು ನನ್ನ ಮುಖ, ಅವರ ಮುಖ ನೋಡಿ ಕೈಗಡಿಯಾರಕ್ಕೆ ಕಣ್ಣಿಳಿಸಿದರು. ನಾನು ಗಾಡಿ ಚಾಲೂ ಮಾಡಿದೆ. ವಾಶಿ, ಶೀಳ್ ಫಾಟಾ, ಕಲ್ಯಾಣ, ಶಹಾಡ್, ಮತ್ತೆ ಠಾಣೆ, ಸಂಜೆಯತನಕ ಹಾಗೆಯೇ ಓಡಿಸಿದೆ.

ಪಂಪಿನಲ್ಲಿ ಬೀಗ ತೆಗೆದು ತುಂಬಿಸಿದಾಗ ಲೀಟರಿಗೆ ಏಳೂ ಬಿದ್ದಿರಲಿಲ್ಲ. ಸಾಹೇಬರನ್ನು ಮನೆಗಿಳಿಸಿದ ಮೇಲೆ ಅಕೌಂಟ್ಸ್ ಆಫೀಸರು ನನ್ನ ಹೆಗಲ ಮೇಲೆ ಕೈಯಿಟ್ಟರು.

“ನೀವು ಕದೀಲಿಲ್ಲ. ಅದನ್ನು ನಾನು ಸೇಠ್‌ಜಿಗೆ ಹೇಳ್ತೇನೆ, ಎಲ್ಲರ ಮುಂದೆಯೇ ಹೇಳ್ತೇನೆ. ಉಳಿದದ್ದು ಸಹ ನನಗೆ ಅರ್ಥ ಆಯ್ತು ಮಾರಾಯ್ರೆ. ಆದ್ರೆ ಅದನ್ನು ಅವರೇ ಹೇಳ್ಬೇಕು. ನಾನು ಹೇಳಿದ್ರೆ ನನ್ನ ಕುರ್ಚಿ ಉಳಿಯುವುದಿಲ್ಲ.”

ಹೇಳಿದಂತೆ ಹೇಳಿದರು. ನನ್ನ ಮೇಲಿನ ಕಳ್ಳತನದ ಮಾತು ಅಳಿಯಿತು. ಆ ಗಾಡಿಗೆ ಏಳೇ ಸರಿಯಾದ ಆವರೇಜ್ ಅಂತ ಹಲಗೆಯ ಪಕ್ಕದಲ್ಲಿ ಖಾಯಂ ಆಯಿತು. ಮುಂದೆ ಏಳು ಬಂದರೆ ಯಾರೂ ಪ್ರಶ್ನೆ ಕೇಳುವ ಹಾಗಿರಲಿಲ್ಲ. ಸೇಠ್‌ಜಿ ಮಾತ್ರ ಇನ್ನೊಂದು ಮಾತು ಹೇಳಿದರು: ಆದಮಿ ಈಮಾನದಾರ್, ಪ್ರಾಮಾಣಿಕ, ಆದರೆ ಇಷ್ಟು ಹುಚ್ಚಾಗಿ ಓಡಿಸುವವನ ಕೈಯಲ್ಲಿ ಮ್ಯಾನೇಜರ್ ಸಾಹೇಬರ ಜೀವ ಕೊಡಲಾಗದು. ಸಾಹೇಬರು ಅದಕ್ಕೂ ಒಂದು ಮಾತಾಡಲಿಲ್ಲ. ನನ್ನನ್ನು ಶಹಾಡ್ ಗೋದಾಮಿನ ಟೆಂಪೋಗೆ ಹಾಕಿದರು. ಬಣ್ಣದ ಡ್ರಮ್ಮುಗಳನ್ನು ಹೊತ್ತುಕೊಂಡು ವಿಠ್ಠಲವಾಡಿಯ ಗಿರಣಿಗಳಿಗೆ ತಿರುಗುವ ಕೆಲಸ. ಡ್ರಮ್ಮುಗಳಿಗೆ ಅವಸರ ಇರಲಿಲ್ಲ. ಟೆಂಪೋದ ಆವರೇಜನ್ನು ಯಾವ ಹಲಗೆಯ ಮೇಲೂ ಬರೆಯುತ್ತಿರಲಿಲ್ಲ. ಅದನ್ನು ನಾನು ಎಷ್ಟು ಚೆನ್ನಾಗಿ ಓಡಿಸಿದೆ ಅನ್ನುವುದು ನನಗೊಬ್ಬನಿಗೇ ಗೊತ್ತು.

ಸಾಹೇಬರ ಗಾಡಿಗೆ ಹುಬ್ಬಳ್ಳಿ ಕಡೆಯ ಒಬ್ಬ ಡ್ರೈವರ್ ಬಂದ. ಮೂವತ್ತರ ಆಸುಪಾಸು, ಹೊಸದಾಗಿ ಮದುವೆಯಾದವನು. ಕೆಲವು ತಿಂಗಳ ಮೇಲೆ ಒಂದು ರವಿವಾರ ಡೊಂಬಿವಲಿಯ ನನ್ನ ಖೋಲಿ ಹುಡುಕಿಕೊಂಡು ಬಂದ. ಆವರೇಜ್ ಎಲ್ಲರಿಗಿಂತ ಹೆಚ್ಚು ಏರಿಸಿದ ಡ್ರೈವರಿಗೆ ಗೋಡೆ ಗಡಿಯಾರ ಬಹುಮಾನ ಅಂತ ಸೇಠ್‌ಜಿ ಸಾರಿದ್ದರಂತೆ.

“ಕಾಕಾ, ನಿಮ್ಮ ಕಾಲಾಗ ಅದು ಹತ್ತು ಕೊಟ್ಟಿತ್ತಂತಲ್ಲರೀ. ನಂದು ಏಳು ಬಿಟ್ಟು ಮ್ಯಾಲ ಏಳವಲ್ದು. ಹ್ಯಾಂಗ ಓಡಸ್ತಿದ್ರಿ, ಒಂದೀಟ ಹೇಳಿಕೊಡ್ರಿ. ಸಾಹೇಬ್ರ ಕೈಕಾಲು ಹಿಡದರ ಸಾವಕಾಶ ಹೋಗಾಕ ಬಿಟ್ಟಾರು.”

ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಬರಿಗಾಲು, ಟಾಪ್ ಗೇರು, ದೂರದಿಂದ ಕಾಲೆತ್ತುವುದು, ಏರಿನ ಮೊದಲು ವೇಗ. ಹೇಳುತ್ತ ಹೇಳುತ್ತ ಖುಷಿಯಾಯಿತು; ಕೇಳುವವರು ಯಾರೂ ಇರಲಿಲ್ಲವಲ್ಲ ಇಷ್ಟು ದಿನ. ಅವನ ಮುಖ ಅರಳಿತು. ಚಹಾ ಮುಗಿದ ಮೇಲೆ ಹೇಳಿದೆ:

“ಕಲ್ತಿ. ಈಗ ಇದನ್ನ ಮಾಡಬ್ಯಾಡ.”

“ಯಾಕ್ರೀ?”

“ಈಗ ಏಳು ಬರತೈತಿ. ಏಳಕ್ಕ ಯಾರೂ ಏನೂ ಅನ್ನಂಗಿಲ್ಲ. ಮುಂದಿನ ತಿಂಗಳ ಹತ್ತು ಬಂತಂದ್ರ ಗಡಿಯಾರ ಕೊಡ್ತಾರ. ಕೊಟ್ಟು, ನೀ ಬಂದಾಗಿಂದ ಮಿಕ್ಕಿದ್ದು ಎಲ್ಲಿ ಹೋತು ಅಂತ ಕೇಳ್ತಾರ.”

ನನ್ನ ಕಥೆಯನ್ನೆಲ್ಲ ಹೇಳಿದೆ. ಒಳಗಿನಿಂದ ನನ್ನ ಹೆಂಡತಿಯೂ ಕೇಳಿಸಿಕೊಳ್ಳುತ್ತಿದ್ದಳು ಅಂತ ಕಾಣುತ್ತದೆ, ಪಾತ್ರೆಯ ಸದ್ದು ನಿಂತಿತ್ತು.

“ಹಂಗಾರ ಬ್ಯಾಡ ಬಿಡ್ರಿ ಕಾಕಾ,” ಅಂದ ಕೊನೆಗೆ.

ಆ ಗಾಡಿ ಗುಜರಿಗೆ ಹೋಗುವತನಕ ಅವನೇ ಓಡಿಸಿದ. ಒಳ್ಳೆಯ ಕೈ ಅವನದು, ಆದರೆ ಒಂದು ದಿನವೂ ಚೆನ್ನಾಗಿ ಓಡಿಸಲಿಲ್ಲ. ಹಲಗೆಯ ಮೇಲೆ ಪ್ರತಿ ತಿಂಗಳೂ ತಪ್ಪದೆ ಅದೇ ಏಳು; ಕಂಪನಿಯಲ್ಲಿ ಪ್ರಾಮಾಣಿಕ ಡ್ರೈವರ್ ಅಂದರೆ ಎಲ್ಲರೂ ಅವನ ಹೆಸರನ್ನೇ ಹೇಳುತ್ತಿದ್ದರು.